ಎಡಗೈ ಪಿಸ್ತೂಲುಗಾರರ ಸಿದ್ಧ ಭಂಗಿ

25 ಮೀಟರ್ ಪಿಸ್ತೂಲ್ ಸ್ಪರ್ಧೆಯ ವೇಗದ ಹಂತದಲ್ಲಿ ಕೆಂಪು ದೀಪ ಏಳು ಸೆಕೆಂಡು ಉರಿಯುತ್ತದೆ, ಹಸಿರು ದೀಪ ಮೂರೇ ಸೆಕೆಂಡು. ಆ ಮೂರು ಸೆಕೆಂಡಿನೊಳಗೆ ಕೈಯೆತ್ತಿ ಒಂದು ಗುಂಡು ಹಾರಿಸಿ, ಮತ್ತೆ ಕೈ ಇಳಿಸಿ ಕಾಯಬೇಕು. ಹೀಗೆ ಐದು ಸಲ ಮಾಡಿದರೆ ಒಂದು ಸರಣಿ, ಆರು ಸರಣಿಗಳಾದರೆ ಆ ಹಂತದ ಮೂವತ್ತು ಗುಂಡುಗಳು ಮುಗಿಯುತ್ತವೆ. ಲೆಕ್ಕ ಹಾಕಿ ನೋಡಿದರೆ ಶೂಟರ್ ಗುಂಡು ಹಾರಿಸುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕಾಲವನ್ನು ಕೈ ಇಳಿಸಿಕೊಂಡು ಕಾಯುವುದರಲ್ಲಿ ಕಳೆಯುತ್ತಾನೆ. ಹೀಗೆ ಕಾಯುವಾಗ ನಿಲ್ಲುವ ರೀತಿಗೆ ಸಿದ್ಧ ಭಂಗಿ ಎಂದು ಹೆಸರು. ರೇಂಜಿನಲ್ಲಿ ಎಲ್ಲರೂ ಅದನ್ನು ‘ರೆಡಿ’ ಎಂದೇ ಕರೆಯುತ್ತಾರೆ.

ಎಡಗೈಯವರಿಗೆ ಈ ಭಂಗಿಯನ್ನು ಕಲಿಸುವಾಗ ‘ಬಲಗೈಯವರು ಮಾಡುವುದನ್ನು ಕನ್ನಡಿಯಲ್ಲಿ ನೋಡಿದಂತೆ ಮಾಡು’ ಎಂದು ಹೇಳಿ ಮುಗಿಸುವುದು ರೂಢಿ. ನಾನೂ ಎಡಚನೇ, ನನಗೂ ಹಾಗೆಯೇ ಹೇಳಿದ್ದರು. ಆ ಮಾತು ದೇಹದ ಮಟ್ಟಿಗೆ ಸರಿ. ಆದರೆ ಕನ್ನಡಿಯಲ್ಲಿ ದೇಹ ತಿರುಗಿದಂತೆ ಪಿಸ್ತೂಲು ತಿರುಗುವುದಿಲ್ಲ, ಪಕ್ಕದಲ್ಲಿ ನಿಂತವರೂ ತಿರುಗುವುದಿಲ್ಲ. ಖಾಲಿ ಕೇಸು (ಗುಂಡು ಹಾರಿದ ಮೇಲೆ ಉಳಿಯುವ ಕವಚ) ಬಲಕ್ಕೇ ಹಾರುತ್ತದೆ, ಸ್ಲೈಡ್ (ಪಿಸ್ತೂಲಿನ ಹಿಂದೆ ಮುಂದೆ ಜಾರುವ ಭಾಗ) ಬಿಡುವ ಗುಂಡಿ ಎಡಮಗ್ಗುಲಲ್ಲೇ ಇರುತ್ತದೆ, ಸಾಲಿನಲ್ಲಿರುವ ಇತರರು ಬಲಗೈಯವರಾಗಿಯೇ ನಿಂತಿರುತ್ತಾರೆ. ಆದ್ದರಿಂದ ಏನನ್ನು ತಿರುಗಿಸಬೇಕು, ಏನನ್ನು ಇದ್ದಂತೆಯೇ ಬಿಡಬೇಕು, ಯಾವುದಕ್ಕೆ ಬೇರೆಯೇ ದಾರಿ ಹುಡುಕಬೇಕು ಎಂಬುದನ್ನು ಬಿಡಿಸಿ ತಿಳಿದುಕೊಳ್ಳಬೇಕಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಒಂದೇ ಕೈಯಲ್ಲಿ ಹಿಡಿದು ಹೊಡೆಯುವ, ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ ಮಾದರಿಯ .22 ಕ್ಯಾಲಿಬರ್ ಪಿಸ್ತೂಲ್ ಸ್ಪರ್ಧೆಗೆ ಸಂಬಂಧಿಸಿದ್ದು. ಭಾರತದಲ್ಲಿ ಇಂಥ ಪಿಸ್ತೂಲು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಗೆ ಒಳಪಟ್ಟದ್ದಾದ ಕಾರಣ, ಗುಂಡು ಹಾರಿಸುವ ಅಭ್ಯಾಸವನ್ನೆಲ್ಲ ಮಾನ್ಯತೆ ಪಡೆದ ರೇಂಜಿನಲ್ಲಿ, ತರಬೇತುದಾರರ ಕಣ್ಣೆದುರಿನಲ್ಲಿಯೇ ಮಾಡತಕ್ಕದ್ದು.

ಕೋನ ಮತ್ತು ಅಂಚು

ನಿಯಮ ಕೇಳುವುದು ಮೂರು ಸಂಗತಿಗಳನ್ನು. ತೋಳು ಕೆಳಮುಖವಾಗಿದ್ದು, ನೇರ ಕೆಳಗಿಳಿದ ಲಂಬ ರೇಖೆಯಿಂದ 45 ಡಿಗ್ರಿಗಿಂತ ಮೇಲೆ ಏಳಬಾರದು. ನಳಿಗೆಯು ಫೈರಿಂಗ್ ಪಾಯಿಂಟಿನ ಮುಂದಿನ ಅಂಚಿನ ಒಳಗಿರುವ ನೆಲಕ್ಕೆ, ಅಂದರೆ ನಾವು ನಿಂತಿರುವ ಜಾಗದ ನೆಲಕ್ಕೆ, ಮುಖ ಮಾಡಿರಬಾರದು. ಹಸಿರು ದೀಪ ಹೊತ್ತುವವರೆಗೆ ತೋಳು ಅಲುಗಬಾರದು. ಈ ಮೂರೂ ಎಡಗೈಗೂ ಬಲಗೈಗೂ ಒಂದೇ.

ಮೊದಲೆರಡು ನಿಯಮಗಳು ಒಂದಕ್ಕೊಂದು ಎದುರಾಗಿ ಎಳೆಯುತ್ತವೆ ಎಂಬುದನ್ನು ಹೊಸಬರು ಗಮನಿಸುವುದಿಲ್ಲ. ಭುಜ ನೆಲದಿಂದ 1.4 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ತೋಳನ್ನು ಸರಿಯಾಗಿ 45 ಡಿಗ್ರಿಯಲ್ಲಿ ಹಿಡಿದರೆ ತೋಳಿನ ನೇರದಲ್ಲಿ ಎಳೆದ ಗೆರೆ ಭುಜದ ಕೆಳಗಿನ ಬಿಂದುವಿನಿಂದ 1.4 ಮೀಟರ್ ಮುಂದೆ ನೆಲವನ್ನು ಮುಟ್ಟುತ್ತದೆ. ಹುಷಾರಿಗೆಂದು ತೋಳನ್ನು 30 ಡಿಗ್ರಿಗೆ ಇಳಿಸಿದರೆ ಅದೇ ಗೆರೆ ಸುಮಾರು 80 ಸೆಂಟಿಮೀಟರಿನಲ್ಲೇ ನೆಲಕ್ಕೆ ಬಡಿಯುತ್ತದೆ. ಅಂಚಿನಿಂದ ಒಂದು ಮೀಟರ್ ಹಿಂದೆ ನಿಂತವನು ಕೋನದ ನಿಯಮವನ್ನು ಪಾಲಿಸಿದರೂ ಅಂಚಿನ ನಿಯಮವನ್ನು ಮುರಿದಿರುತ್ತಾನೆ. ಆದ್ದರಿಂದ ಅಂಚಿನ ಗೆರೆಯನ್ನು ತುಳಿಯದಂತೆ, ಆದರೆ ಅದಕ್ಕೆ ಆದಷ್ಟು ಹತ್ತಿರದಲ್ಲಿ ನಿಲ್ಲಬೇಕು. ತೋಳನ್ನು 40 ಡಿಗ್ರಿಯ ಆಸುಪಾಸಿನಲ್ಲಿ ಇರಿಸಿಕೊಂಡರೆ ಎರಡೂ ಕಡೆಗೆ ಒಂದಿಷ್ಟು ಅವಕಾಶ ಉಳಿಯುತ್ತದೆ. ಅಂದಾಜಿನ ಮೇಲೆ ಇದನ್ನು ಬಿಡಬೇಡಿ. ಪಕ್ಕದಿಂದ ಒಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆದು, ಭುಜದಿಂದ ಮಣಿಕಟ್ಟಿಗೆ ಗೆರೆ ಎಳೆದು ನೋಡಿದರೆ, ನಾವು 45 ಎಂದುಕೊಂಡದ್ದು ಹೆಚ್ಚಿನ ಸಲ 50ರ ಮೇಲೆಯೇ ಇರುತ್ತದೆ.

ದೀಪಕ್ಕಿಂತ ಮೊದಲೇ ಕೈಯೆತ್ತಿದರೆ ಅಥವಾ ಸಾಕಷ್ಟು ಇಳಿಸದಿದ್ದರೆ ಮೊದಲ ಸಲ ಎಚ್ಚರಿಕೆ ಸಿಗುತ್ತದೆ. ಅದೇ ತಪ್ಪು ಮರುಕಳಿಸಿದರೆ ಅಂಕ ಕಡಿತವಾಗುತ್ತದೆ.

ಪಾದದಿಂದ ಮೇಲಕ್ಕೆ

ತಿರುಗಿಸಬೇಕಾದದ್ದು ಮೊದಲು ಪಾದ. ಬಲಗೈಯವರ ಬಲಪಾದ ಮುಂದಿರುವಂತೆ ಎಡಗೈಯವರ ಎಡಪಾದ ಗುರಿಯ ಕಡೆಗಿರಬೇಕು. ಎರಡು ಪಾದಗಳ ನಡುವೆ ಭುಜದಷ್ಟು ಅಗಲ ಸಾಕು. ಎದೆ ಬಲಕ್ಕೆ ತೆರೆದುಕೊಳ್ಳುತ್ತದೆ. ಪೂರ್ತಿ ಅಡ್ಡಲಾಗಿ ನಿಂತರೆ ಕತ್ತನ್ನು ಹೆಚ್ಚು ತಿರುಗಿಸಬೇಕಾಗಿ ಬಂದು ಅರ್ಧ ಗಂಟೆಯಲ್ಲೇ ಕತ್ತಿನ ನರ ಬಿಗಿಯುತ್ತದೆ. ಹಾಗೆಂದು ಪೂರ್ತಿ ಎದುರಾಗಿ ನಿಂತರೆ ತೋಳು ಪಕ್ಕಕ್ಕೆ ತೂಗಾಡುತ್ತದೆ. ಇವೆರಡರ ನಡುವೆ ತನ್ನ ಮೈಗೆ ಒಗ್ಗುವ ಕೋನವನ್ನು ಪ್ರತಿಯೊಬ್ಬರೂ ಕಂಡುಕೊಳ್ಳಬೇಕು.

ಅದನ್ನು ಕಂಡುಕೊಳ್ಳುವ ಕ್ರಮ ಹಳೆಯದು, ಆದರೆ ಇದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ. ಪಿಸ್ತೂಲು ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ಸಿದ್ಧ ಭಂಗಿಯಲ್ಲಿ ನಿಂತು ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು, ಹಸಿರು ದೀಪ ಬಂದಂತೆ ಕೈಯನ್ನು ಎತ್ತಿ ನಿಲ್ಲಿಸಿ ಕಣ್ಣು ತೆರೆಯಿರಿ. ಸೈಟು (ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಪಟ್ಟಿ) ಗುರಿಯ ನಡುವಿನಿಂದ ಬಲಕ್ಕೋ ಎಡಕ್ಕೋ ಸರಿದಿದ್ದರೆ ಕೈಯಿಂದ ಸರಿಪಡಿಸದೆ, ಹಿಂದಿರುವ ಬಲಪಾದವನ್ನು ಸ್ವಲ್ಪ ಸರಿಸಬೇಕು. ಸೈಟು ಎಡಕ್ಕಿದ್ದು ಬಲಕ್ಕೆ ಬರಬೇಕಾದರೆ ಇಡೀ ಮೈ ಬಲಕ್ಕೆ ತಿರುಗಬೇಕು. ಅದಕ್ಕಾಗಿ ಹಿಂದಿನ ಪಾದವನ್ನು ಬೆನ್ನಿನ ಕಡೆಗೆ ಸರಿಸಬೇಕು. ಬಲಗೈಯ ತರಬೇತುದಾರರು ಇಲ್ಲಿ ಗೊಂದಲಕ್ಕೆ ಬಿದ್ದು, ಬಾಯಿಪಾಠವಾಗಿರುವ ಎಡಬಲವನ್ನೇ ಹೇಳಿಬಿಡುತ್ತಾರೆ. ಆದ್ದರಿಂದ ‘ಎಡಕ್ಕೆ’, ‘ಬಲಕ್ಕೆ’ ಎಂಬ ಮಾತನ್ನೇ ಬಿಟ್ಟು ‘ಬೆನ್ನಿನ ಕಡೆಗೆ’, ‘ಎದೆಯ ಕಡೆಗೆ’ ಎಂದು ಹೇಳಿಕೊಳ್ಳುವುದು ಲೇಸು. ಅದು ಯಾವ ಕೈಗಾದರೂ ಸರಿಹೊಂದುತ್ತದೆ.

ಬಲಗೈ ಜೇಬಿನಲ್ಲೋ ಬೆಲ್ಟಿನಲ್ಲೋ ಸುಮ್ಮನೆ ಇರಲಿ. ತಲೆ ಮಾತ್ರ ಕಾಯುವ ಹೊತ್ತಿನಲ್ಲೇ ತನ್ನ ಕೊನೆಯ ಸ್ಥಾನದಲ್ಲಿರಬೇಕು. ಕಣ್ಣು ಗುರಿಯ ಮೇಲಿರಬೇಕೇ ಹೊರತು ಕೆಳಗಿರುವ ಪಿಸ್ತೂಲಿನ ಮೇಲಲ್ಲ. ಪಿಸ್ತೂಲನ್ನು ನೋಡುತ್ತಾ ಕಾದವರು ತೋಳಿನ ಜೊತೆಗೆ ತಲೆಯನ್ನೂ ಎತ್ತುತ್ತಾರೆ. ಆಗ ಮೂರು ಸೆಕೆಂಡಿನಲ್ಲಿ ಅರ್ಧ ಸೆಕೆಂಡು ಕತ್ತನ್ನು ನಿಲ್ಲಿಸುವುದಕ್ಕೇ ಹೋಗುತ್ತದೆ.

ಯಾವ ಕಣ್ಣು ಪ್ರಬಲ, ಅಂದರೆ ನೋಡುವಾಗ ಮುಂದಾಗುವುದು ಯಾವುದು, ಎಂಬ ಪ್ರಶ್ನೆಯನ್ನು ಮೊದಲ ವಾರದಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಎರಡೂ ಅಂಗೈಗಳನ್ನು ಮುಂದೆ ಚಾಚಿ ನಡುವೆ ಸಣ್ಣ ಕಿಂಡಿ ಬಿಟ್ಟು, ಎರಡೂ ಕಣ್ಣು ತೆರೆದು ದೂರದ ಒಂದು ವಸ್ತುವನ್ನು ನೋಡಿ. ಕಿಂಡಿಯನ್ನು ಹಾಗೆಯೇ ಮುಖಕ್ಕೆ ತಂದರೆ ಅದು ಪ್ರಬಲ ಕಣ್ಣಿಗೇ ಬರುತ್ತದೆ. ಎಡಗೈ, ಎಡಗಣ್ಣು ಆದರೆ ಯಾವ ತಾಪತ್ರಯವೂ ಇಲ್ಲ. ಎಡಗೈಯವರಾಗಿದ್ದು ಬಲಗಣ್ಣು ಪ್ರಬಲವಾಗಿದ್ದರೆ, ಕಾಯುವಾಗ ಸುಮ್ಮನಿದ್ದ ಆ ಕಣ್ಣು ಸೈಟು ಮೇಲೆ ಬಂದ ಕ್ಷಣದಲ್ಲಿ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಗುರಿಯಿಡದ ಕಣ್ಣಿನ ಮುಂದೆ 30 ಮಿಲಿಮೀಟರಿಗೆ ಮೀರದ ಅಗಲದ ಮರೆಪಟ್ಟಿ ಹಾಕಿಕೊಳ್ಳಲು ನಿಯಮ ಒಪ್ಪುತ್ತದೆ. ಕರಿಯದಕ್ಕಿಂತ ಮಬ್ಬಾದ ಬಿಳಿ ಪಟ್ಟಿ ವಾಸಿ, ಬೆಳಕು ಎರಡೂ ಕಣ್ಣಿಗೆ ಹೆಚ್ಚು ಕಡಿಮೆ ಸಮನಾಗಿರುತ್ತದೆ. ಕಣ್ಣಿಗಾಗಿ ಕೈಯನ್ನೇ ಬದಲಿಸಿಕೊಳ್ಳಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಮೊದಲ ತಿಂಗಳಾದರೆ ಪ್ರಯತ್ನಿಸಿ ನೋಡಬಹುದು, ಅದಾದ ಮೇಲೆ ನಾನಂತೂ ಬೇಡವೆನ್ನುತ್ತೇನೆ.

ಕೈ ಬದಲಿಸುವುದು ಅಸಾಧ್ಯವೆಂದು ಮಾತ್ರ ಯಾರೂ ಹೇಳುವಂತಿಲ್ಲ. ಹಂಗೇರಿಯ ಸೈನಿಕ ಕಾರೊಯ್ ಟಕಾಚ್ ಬಲಗೈ ಶೂಟರ್ ಆಗಿದ್ದವನು. 1938ರಲ್ಲಿ ಕೈಬಾಂಬು ಸಿಡಿದು ಬಲಗೈ ಹಾಳಾದ ಮೇಲೆ ಎಡಗೈಯಲ್ಲಿ ಅಭ್ಯಾಸ ಮಾಡಿ, ಮರುವರ್ಷವೇ ರಾಷ್ಟ್ರೀಯ ಚಾಂಪಿಯನ್ ಆದ. ಯುದ್ಧದಿಂದಾಗಿ ಎರಡು ಒಲಿಂಪಿಕ್ಸ್ ನಡೆಯಲಿಲ್ಲ. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳೆರಡರಲ್ಲೂ ರ್‍ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಅವನದೇ ಆಯಿತು. ಅಂದರೆ ಸಿದ್ಧ ಭಂಗಿಯಿಂದ ಕೈಯೆತ್ತಿ ಹೊಡೆಯುವ ಸ್ಪರ್ಧೆಯಲ್ಲೇ ಗೆದ್ದ.

ಗ್ರಿಪ್ಪು, ಮಣಿಕಟ್ಟು, ಬೆರಳು

ಎಡಗೈಯವರು ಎಲ್ಲಕ್ಕಿಂತ ಮೊದಲು ಹಣ ಹಾಕಬೇಕಾದದ್ದು ಎಡಗೈ ಗ್ರಿಪ್ಪಿಗೆ. ಸ್ಪರ್ಧೆಯ ಪಿಸ್ತೂಲುಗಳ ಮರದ ಗ್ರಿಪ್ಪು ಅಂಗೈಯ ಉಬ್ಬುತಗ್ಗುಗಳಿಗೆ ತಕ್ಕಂತೆ ಕೊರೆದದ್ದು. ಹೆಬ್ಬೆರಳಿಗೆ ಒಂದು ತಾಣ, ಅಂಗೈಯ ಬುಡಕ್ಕೆ ಒಂದು ಹಲಗೆ ಅದರಲ್ಲಿರುತ್ತದೆ. ಬಲಗೈಯ ಗ್ರಿಪ್ಪನ್ನು ಎಡಗೈಯಲ್ಲಿ ಹಿಡಿದರೆ ಆ ಹಲಗೆ ಬೆರಳುಗಳ ಕಡೆಗೆ ಬಂದು, ಪಿಸ್ತೂಲು ಕೈಯಲ್ಲಿ ನಿಲ್ಲುವುದೇ ಇಲ್ಲ. ನಾನು ಕಲಿಯತೊಡಗಿದ ಕ್ಲಬ್ಬಿನಲ್ಲಿದ್ದ ಗ್ರಿಪ್ಪುಗಳೆಲ್ಲ ಬಲಗೈಯವು. ‘ಸದ್ಯಕ್ಕೆ ಇದರಲ್ಲೇ ಹೊಡಿ’ ಎಂದರು, ನಾನು ಐದು ತಿಂಗಳು ಹೊಡೆದೆ. ಆ ಐದು ತಿಂಗಳಲ್ಲಿ ಅಂಟಿದ ಮಣಿಕಟ್ಟಿನ ಕೆಟ್ಟ ಅಭ್ಯಾಸ ಬಿಡಿಸಿಕೊಳ್ಳಲು ಒಂದೂವರೆ ವರ್ಷ ಹಿಡಿಯಿತು. ಎಡಗೈ ಗ್ರಿಪ್ಪು ಸಿಗುವವರೆಗೆ ಎರಡೂ ಕೈಗೆ ಒಗ್ಗುವ ಸಮತಟ್ಟಾದ ಗ್ರಿಪ್ಪಿನ ಪಿಸ್ತೂಲಿನಲ್ಲಿ ಕಲಿಯುವುದೇ ಮೇಲು, ಅಂಕ ಕಡಿಮೆ ಬಂದರೂ ಚಿಂತೆಯಿಲ್ಲ.

ಮಣಿಕಟ್ಟಿನ ಆ ಅಭ್ಯಾಸ ಎಂಥದೆಂದರೆ: ತೋಳನ್ನು ಸಡಿಲವಾಗಿ ಕೆಳಗೆ ಬಿಟ್ಟಾಗ ಎಡಗೈ ತಾನಾಗಿಯೇ ಒಳಕ್ಕೆ ಹೊರಳುತ್ತದೆ, ಪಿಸ್ತೂಲಿನ ನೆತ್ತಿ ಬಲಕ್ಕೆ ವಾಲುತ್ತದೆ. ಕೈ ಮತ್ತು ಪಿಸ್ತೂಲು ಸೇರಿ ಭುಜದಿಂದ ಸುಮಾರು 90 ಸೆಂಟಿಮೀಟರ್ ಉದ್ದವಿದ್ದರೆ, 45 ಡಿಗ್ರಿ ಮೇಲೇಳುವಾಗ ನಳಿಗೆಯ ತುದಿ 70 ಸೆಂಟಿಮೀಟರಿನಷ್ಟು ಕಮಾನು ಬರೆಯುತ್ತದೆ. ಕೆಳಗೆ ವಾಲಿಸಿಕೊಂಡದ್ದನ್ನು ಈ ಕಮಾನಿನುದ್ದಕ್ಕೂ ತಿರುಚಿ ನೇರ ಮಾಡಬೇಕಾಗುತ್ತದೆ, ಮೇಲೆ ತಲುಪಿದಾಗ ಫ್ರಂಟ್ ಸೈಟು ನಡುವೆ ನಿಲ್ಲದೆ ಒಂದು ಪಕ್ಕಕ್ಕೆ ಕೂರುತ್ತದೆ. ಎರಡು ಸೈಟುಗಳ ನಡುವಿನ ಅಂತರ 220 ಮಿಲಿಮೀಟರ್ ಇರುವ ಪಿಸ್ತೂಲಿನಲ್ಲಿ ಫ್ರಂಟ್ ಸೈಟು ಒಂದೇ ಮಿಲಿಮೀಟರ್ ಪಕ್ಕಕ್ಕೆ ಸರಿದರೆ 25 ಮೀಟರಿನಲ್ಲಿ ಗುಂಡು 11 ಸೆಂಟಿಮೀಟರಿಗೂ ಹೆಚ್ಚು ಸರಿದಿರುತ್ತದೆ. ವೇಗದ ಹಂತದ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 10 ಸೆಂಟಿಮೀಟರ್. ಇದಕ್ಕೆ ಉಪಾಯವೆಂದರೆ, ಮೊದಲು ಕೈಯನ್ನು ಮೇಲೆತ್ತಿ ಸೈಟುಗಳನ್ನು ಸರಿಯಾಗಿ ಕೂರಿಸಿ, ಮಣಿಕಟ್ಟು ಮತ್ತು ಮೊಣಕೈಯನ್ನು ಬಿಗಿಮಾಡಿ, ಆ ಬಿಗಿಯನ್ನು ಕದಲಿಸದೆ ಭುಜವೊಂದರಿಂದಲೇ ಇಳಿಸುವುದು. ಕೆಳಗೆ ಕಟ್ಟಿದ ಭಂಗಿಗಿಂತ ಮೇಲಿನಿಂದ ಇಳಿಸಿ ತಂದ ಭಂಗಿ ಎಂದೆಂದಿಗೂ ನಂಬಿಕಸ್ಥ.

ತೋರುಬೆರಳು ಕಲಿಕೆಯ ಹಂತದಲ್ಲಿ ಟ್ರಿಗರ್ ಗಾರ್ಡಿನ ಹೊರಗೇ ಇರಲಿ. ತೋಳು ಮೇಲೇಳುತ್ತಾ ಗುರಿಯ ಫಲಕವನ್ನು ಮುಟ್ಟಿದ ಮೇಲೆಯೇ ಒಳಗೆ ಬರಲಿ. ಈ ಪಿಸ್ತೂಲುಗಳ ಟ್ರಿಗರ್ ತೂಕ, ಅಂದರೆ ಅದನ್ನು ಎಳೆಯಲು ಬೇಕಾದ ಬಲ, ಒಂದು ಕಿಲೋಗ್ರಾಮಿಗಿಂತ ಕಡಿಮೆ ಇರುವಂತಿಲ್ಲ, ಆದರೆ ಒಂದು ಕಿಲೋ ಎಂಬುದು ಗಾಬರಿಯಾದ ಬೆರಳಿಗೆ ಏನೇನೂ ಅಲ್ಲ.

ಗೋಡೆಗೆ ಅಂಟಿಸಿರುವ ದೋಷದ ಚಿತ್ರಪಟವನ್ನು ಓದುವಾಗಲೂ ಎಚ್ಚರ ಬೇಕು. ಟ್ರಿಗರ್ ಜಗ್ಗಿದರೆ ಗುಂಡು ಕೆಳಗೆ ಎಡಕ್ಕೆ ಬೀಳುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ, ಅದು ಬಲಗೈಯವರಿಗೆ. ಎಡಗೈಯವರ ಗುಂಡು ಅದೇ ತಪ್ಪಿಗೆ ಕೆಳಗೆ ಬಲಕ್ಕೆ ಬೀಳುತ್ತದೆ. ಸೈಟಿನ ತಿರುಪುಗಳು ಮಾತ್ರ ಯಾರ ಕೈಯಲ್ಲಿದ್ದರೂ ಒಂದೇ ದಿಕ್ಕಿಗೆ ಕೆಲಸ ಮಾಡುತ್ತವೆ.

ತಿರುಗದೆ ಉಳಿಯುವುದು

‘ಲೋಡ್’ ಎಂಬ ಆದೇಶ ಬಂದಾಗ ಬಲಗೈಯವರು ಎಡಗೈಯಿಂದ ಮ್ಯಾಗಜೀನ್ ತುಂಬಿ, ಬಲ ಹೆಬ್ಬೆರಳಿನಿಂದ ಸ್ಲೈಡ್ ಬಿಡುತ್ತಾರೆ. ಎಡಗೈಯವರಿಗೆ ಆ ಗುಂಡಿ ಬೆರಳುಗಳ ಕಡೆಗಿರುತ್ತದೆ. ಟ್ರಿಗರ್ ಬೆರಳನ್ನು ಅದಕ್ಕಾಗಿ ಬಾಗಿಸಿ ಹುಡುಕುವುದು ಬೇಡ. ನಳಿಗೆ ಗುರಿಯ ಕಡೆಗಿರುವಂತೆ ಹಿಡಿದು, ಬಲಗೈಯಿಂದ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟರೆ ಸಾಕು. ಹಾಗೆಳೆಯುವಾಗ ಬಲಗೈ ಬೀಸಿಗೆ ನಳಿಗೆ ಪಕ್ಕದ ಫೈರಿಂಗ್ ಪಾಯಿಂಟಿನ ಕಡೆಗೆ ವಾಲದಂತೆ ನೋಡಿಕೊಳ್ಳಬೇಕು. ಮೇಜಿನ ಮೇಲಿನ ಸಾಮಾನನ್ನೂ ಮೊದಲೇ ಬದಲಿಸಿಟ್ಟುಕೊಳ್ಳಿ: ಪಿಸ್ತೂಲು ಎಡಕ್ಕೆ, ಮ್ಯಾಗಜೀನು ಮತ್ತು ದುರ್ಬೀನು ಬಲಕ್ಕೆ, ಇಳಿಸಿದ ತೋಳಿನ ದಾರಿಯಲ್ಲಿ ಏನೂ ಇಲ್ಲದಂತೆ.

ಇನ್ನು ಖಾಲಿ ಕೇಸಿನ ವಿಷಯ. ಬಲಕ್ಕೆ ಹಾರುವ ಕೇಸು ಬಲಗೈಯವರ ಬೆನ್ನಿನ ಕಡೆಗೆ ಹೋಗುತ್ತದೆ, ಎಡಗೈಯವರ ಎದೆಯ ಮುಂದೆ ಹಾದುಹೋಗುತ್ತದೆ. ಒಮ್ಮೆ ಸರಣಿಯ ಮೂರನೆಯ ಗುಂಡಿಗೆ ಬಿಸಿ ಕೇಸೊಂದು ಕನ್ನಡಕದ ಅಂಚಿಗೆ ತಾಗಿ, ಅಂಗಿಯ ಕಾಲರಿನೊಳಗೆ ಬಿತ್ತು. ಬೇಸಿಗೆಯ ಕಾಲ, ಮೇಲಿನ ಗುಂಡಿ ಬಿಚ್ಚಿಕೊಂಡಿದ್ದೆ. ಅದು ಎದೆಯ ಮೇಲೆ ಚುರ್ರೆಂದು ಜಾರುತ್ತಿದ್ದಂತೆ ನನ್ನ ಮೈ ತಾನಾಗಿ ಬಲಕ್ಕೆ ಬಾಗಿ, ಸಿದ್ಧ ಭಂಗಿಯಲ್ಲಿದ್ದ ಕೈ ಅದರ ಜೊತೆಗೇ ಬಲಕ್ಕೆ ಹೊರಟಿತ್ತು. ‘ಕೈ! ಕೈ ನೋಡು!’ ಎಂದು ರೇಂಜ್ ಆಫೀಸರ್ ಕೂಗದಿದ್ದರೆ ನಳಿಗೆ ಪಕ್ಕದವರ ಕಾಲಿನ ಮಟ್ಟಕ್ಕೆ ಬರುತ್ತಿತ್ತು. ಪಿಸ್ತೂಲಿನಲ್ಲಿ ಇನ್ನೂ ಎರಡು ಗುಂಡುಗಳಿದ್ದವು. ಅಂದಿನಿಂದ ಕಾಲರ್ ಮುಚ್ಚುವ ಅಂಗಿ, ಪಕ್ಕವೂ ಮುಚ್ಚಿರುವ ಕನ್ನಡಕ, ಮುಂದೆ ಚಾಚಿದ ಅಂಚಿನ ಟೋಪಿ ಇಲ್ಲದೆ ನಾನು ಗೆರೆಗೆ ಬರುವುದಿಲ್ಲ. ಮೈ ಸುಟ್ಟರೂ ಮೊದಲು ನಳಿಗೆ ಗುರಿಯ ಕಡೆಗೆ, ಬೆರಳು ಹೊರಗೆ, ಪಿಸ್ತೂಲು ಮೇಜಿಗೆ, ಆಮೇಲೆ ಅಂಗಿ: ಈ ಕ್ರಮವನ್ನು ಖಾಲಿ ಪಿಸ್ತೂಲಿನಲ್ಲಿ, ಯಾರಾದರೂ ಹೇಳದೆ ಕೇಳದೆ ಬೆನ್ನಿಗೆ ತಣ್ಣೀರು ಚಿಮುಕಿಸುವಂತೆ ಮಾಡಿ ಅಭ್ಯಾಸ ಮಾಡಬಹುದು. ನಗೆಪಾಟಲಾಗಿ ಕಂಡರೂ ಕೆಲಸಕ್ಕೆ ಬರುವ ಅಭ್ಯಾಸ ಅದು.

ಪಕ್ಕದವರೂ ತಿರುಗುವುದಿಲ್ಲವೆಂದೆ. ಬಲಗೈಯವರ ಸಾಲಿನಲ್ಲಿ ಪ್ರತಿಯೊಬ್ಬರಿಗೂ ಎಡಪಕ್ಕದವರ ಬೆನ್ನು ಕಾಣುತ್ತದೆ. ಎಡಗೈಯವರು ಮಾತ್ರ ತಮ್ಮ ಬಲಪಕ್ಕದವರಿಗೆ ಮುಖಾಮುಖಿಯಾಗಿ ನಿಲ್ಲುತ್ತಾರೆ. ಅವರ ಕೈ ಒಂದು ಚೂರು ಮೊದಲೇ ಎದ್ದರೆ ಕಣ್ಣಂಚಿಗೆ ಅದು ಹಸಿರು ದೀಪಕ್ಕಿಂತ ಮೊದಲು ತಾಗಿ, ನಮ್ಮ ಕೈಯೂ ಏಳುತ್ತದೆ. ಎಚ್ಚರಿಕೆ ಇಬ್ಬರಿಗೂ ಬರುತ್ತದೆ. ಬಲಗಣ್ಣಿನ ಪಕ್ಕಕ್ಕೆ ಮರೆ ಕಟ್ಟಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ.

ಪುರುಷರ ರ್‍ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಐದು ಗುರಿಗಳಿಗೆ ತಲಾ ಒಂದು ಗುಂಡನ್ನು 8, 6, ಕೊನೆಗೆ 4 ಸೆಕೆಂಡಿನಲ್ಲಿ ಹೊಡೆಯಬೇಕು. ಗುರಿಗಳ ನಡುವೆ 75 ಸೆಂಟಿಮೀಟರ್ ಅಂತರವಿರುವುದರಿಂದ ಮೊದಲನೆಯದರಿಂದ ಐದನೆಯದಕ್ಕೆ ಮೂರು ಮೀಟರ್, ಅಂದರೆ ಏಳು ಡಿಗ್ರಿಯೊಳಗಿನ ತಿರುವು. ಅದು ಸೊಂಟದಿಂದ ಕೆಳಗೆ ಆಗಬೇಕಾದದ್ದು, ಮಣಿಕಟ್ಟಿನಿಂದಲ್ಲ. ಯಾವ ತುದಿಯಿಂದ ಆರಂಭಿಸಿದರೆ ತನ್ನ ಸೊಂಟ ಹಗುರವಾಗಿ ತಿರುಗುತ್ತದೆ ಎಂಬುದನ್ನು ಎಡಗೈಯವರು ಎರಡೂ ಕಡೆಯಿಂದ ಹೊಡೆದು ನೋಡಿಯೇ ತೀರ್ಮಾನಿಸಲಿ. ನೆರೆಯವರ ರೂಢಿಯನ್ನು ನೋಡಿ ನಿರ್ಧರಿಸುವುದು ಬೇಡ.

ಮನೆಯ ಅಭ್ಯಾಸ

ಸಿದ್ಧ ಭಂಗಿಯನ್ನು ಕಲಿಯಲು ಗುಂಡು ಬೇಕಿಲ್ಲ, ಪಿಸ್ತೂಲೂ ಬೇಕಿಲ್ಲ. ಅರ್ಧ ಲೀಟರಿನಷ್ಟು ನೀರು ತುಂಬಿದ ಬಾಟಲಿಯನ್ನು ಎಡಗೈಯಲ್ಲಿ ಹಿಡಿದು, ಗೋಡೆಯ ಮೇಲೆ ಕಣ್ಣಿನ ಮಟ್ಟಕ್ಕೆ ಒಂದು ಬೊಟ್ಟು ಇಟ್ಟು, ಮೊಬೈಲಿನಲ್ಲಿ ಏಳು ಸೆಕೆಂಡು, ಮೂರು ಸೆಕೆಂಡುಗಳ ಗಂಟೆ ಹೊಂದಿಸಿಕೊಳ್ಳಿ. ಗಂಟೆಯಾದ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಕೈ ಮೇಲೆ ನಿಂತಿರಬೇಕು, ಉಳಿದ ಸಮಯ ಸೈಟು ಮತ್ತು ಟ್ರಿಗರಿಗೆ ಬಿಡಬೇಕು. ಮೊದಲರ್ಧ ಚುರುಕಾಗಿ ಏರಿ, ಬೊಟ್ಟಿನ ಹತ್ತಿರ ಬಂದಂತೆ ವೇಗ ಇಳಿಯಬೇಕು. ಬೊಟ್ಟನ್ನು ದಾಟಿ ಹೋಗಿ ಹಿಂದಿರುಗಿದರೆ ಆ ಸಲದ್ದು ಲೆಕ್ಕಕ್ಕಿಲ್ಲ. ಐದೈದರ ಆರು ಸರಣಿ ದಿನಕ್ಕೆ ಸಾಕು. ರೇಂಜಿನಲ್ಲಿ ಖಾಲಿ ಪಿಸ್ತೂಲಿನಿಂದ ಟ್ರಿಗರ್ ಅಭ್ಯಾಸ ಮಾಡುವುದಾದರೆ, .22 ರಿಮ್‌ಫೈರ್ ಪಿಸ್ತೂಲಿನ ಚೇಂಬರಿನ (ಗುಂಡು ಕೂರುವ ಗೂಡಿನ) ಅಂಚಿಗೆ ಫೈರಿಂಗ್ ಪಿನ್ ಬಡಿದು ಹಾಳಾಗಬಹುದಾದ್ದರಿಂದ, ಅದಕ್ಕೆಂದೇ ಇರುವ ಪ್ಲಗ್ಗನ್ನು ಹಾಕಿಕೊಳ್ಳಿ.

ತರಬೇತುದಾರರು ಬಲಗೈಯವರಾಗಿದ್ದರೆ ಅದರಿಂದ ಒಂದು ಲಾಭವೂ ಇದೆ. ಇಬ್ಬರೂ ಬರಿಗೈಯಲ್ಲಿ, ಪಿಸ್ತೂಲುಗಳನ್ನು ಮೇಜಿನ ಮೇಲೆ ಬಿಟ್ಟು, ಎದುರುಬದುರಾಗಿ ನಿಂತರೆ ಅವರ ಬಲಗೈ ಚಲನೆಯನ್ನು ನಮ್ಮ ಎಡಗೈ ನೋಡಿದಂತೆಯೇ ಅನುಸರಿಸಬಹುದು. ಬಲಗೈ ಶಿಷ್ಯರಿಗೆ ಈ ಅನುಕೂಲವಿಲ್ಲ, ಅವರು ಗುರುಗಳ ಬೆನ್ನ ಹಿಂದೆ ನಿಂತು ಇಣುಕಬೇಕು. ‘ರೊಡ್ಡ’ ಎಂದು ಅನ್ನಿಸಿಕೊಂಡು ಬೆಳೆದವರಿಗೆ ಅಪರೂಪಕ್ಕೆ ಸಿಗುವ ಸವಲತ್ತು, ಬಿಡಬೇಡಿ.

ಅಭ್ಯಾಸದ ದಿನಗಳಲ್ಲಿ ಸಾಲಿನ ಬಲತುದಿಯ ಫೈರಿಂಗ್ ಪಾಯಿಂಟನ್ನು ಕೇಳಿ ಪಡೆದರೆ ಕೇಸುಗಳು ಗೋಡೆಗೆ ಬೀಳುತ್ತವೆ, ಎದುರಿಗೆ ಯಾರ ಮುಖವೂ ಇರುವುದಿಲ್ಲ. ಸ್ಪರ್ಧೆಯಲ್ಲಿ ಜಾಗ ಚೀಟಿಯೆತ್ತಿ ಹಂಚುತ್ತಾರೆ. ಆದ್ದರಿಂದ ವಾರಕ್ಕೊಂದು ದಿನವಾದರೂ ಇಬ್ಬರು ಬಲಗೈಯವರ ನಡುವೆ, ಅವರಿಗೆ ಮೊದಲೇ ತಿಳಿಸಿ, ಪಾರದರ್ಶಕ ತಡೆಫಲಕವನ್ನು ನಿಲ್ಲಿಸಿಕೊಂಡು ಹೊಡೆಯಿರಿ.